ಭಾನುವಾರ ಚಾರಣಕ್ಕೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. "ಕುದುರೆಮುಖದ ಕಾಡಲ್ಲಿ ವಾನರ ಮನುಷ್ಯ, ಚಾರಣಿಗರು ಮಾಯ" ಅಂತ ನಿನ್ನೆಯಿಂದ ಇಲ್ಲಿ ಓಡಾಡುತ್ತಿರುವ ವಿಡಿಯೋ ಇದೆಯಲ್ಲ, ಅದು 1967ರಲ್ಲಿ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್‌ನಲ್ಲಿ ತೆಗೆದ ಬಿಗ್‌ಫುಟ್ (ಅಮೆರಿಕದ ಕಾಡಲ್ಲಿದೆ ಎನ್ನುವ ವಾನರ ಮನುಷ್ಯ) ದೃಶ್ಯ ಮಾರಾಯ್ರೆ! ಸುಮ್ನೆ ಮುಂದೆ ಕಳಿಸಬೇಡಿ. ಮನೆಯವರು ಹೆದರಿ ಇಬ್ಬರನ್ನು ಬಿಡುತ್ತಿಲ್ಲವಂತೆ.

ಇಂಥದ್ದೇ ಕಥೆಯ ಹಿಮಾಲಯದ ಹಿಮಮಾನವ ಯೇತಿಯದ್ದೆಂದು ಕಾಪಾಡಿಟ್ಟಿದ್ದ ಕೂದಲು, ಮೂಳೆ, ಹಲ್ಲು ಇತ್ಯಾದಿ 9 ಮಾದರಿಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2017ರಲ್ಲೇ ಬಂದಿದೆ. 8 ಕರಡಿಯವು, ಒಂದು ನಾಯಿಯದು.

ನಮ್ಮ ಘಟ್ಟದ ಮರಗಳಲ್ಲಿ ಕೂಗುವುದು ಸಿಂಗಳೀಕ. ನನಗೆ ಹೆದರಿಕೆ ಇರುವುದು ಮಂಜಿನದ್ದು. ಇಳಿಯಿತೆಂದರೆ ಎದುರಿನವರೂ ಕಾಣುವುದಿಲ್ಲ, ಫೋನೂ ಸಿಗುವುದಿಲ್ಲ. ಜನ ದಾರಿ ತಪ್ಪುವುದು ಹಾಗೆ. ಒಬ್ಬೊಬ್ಬರೇ ಕಾಲುದಾರಿ ಬಿಟ್ಟು ಫೋಟೋ ತೆಗೆಯಲು ಹೋಗಬೇಡಿ. ಸೀಟಿ ತನ್ನಿ, ಜಿಗಣೆಗೆ ಉಪ್ಪೂ ಇರಲಿ.

ಬೆಳಿಗ್ಗೆ 5ಕ್ಕೆ ಉಡುಪಿ ಬಸ್ ನಿಲ್ದಾಣ. ಭೂತದ ಕಥೆಗಳನ್ನೆಲ್ಲ ವ್ಯಾನಲ್ಲಿ ಹೇಳುವ.