ನಾಲ್ಕು ದಿನದ ಕ್ರೀಮು

ಪುಟ್ಟೀ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ಎರಡು ಸಲ ಮೆಸೇಜ್ ಬರೆದೆ, ಎರಡು ಸಲವೂ ಅಳಿಸಿದೆ. ಅದಕ್ಕೇ ಈಗ ಕಾಗದ ಹಿಡಿದು ಕೂತಿದ್ದೇನೆ. ಜಗಳ ಹೇಗೆ ಶುರುವಾಯಿತು, ಯಾರು ಏನಂದರು ಅನ್ನುವುದು ಇಬ್ಬರಿಗೂ ಗೊತ್ತು, ಅದು ಬೇಡ. ಆದರೆ ಮೊಡವೆ ಹೋದ ಮೇಲೆ ನಿನ್ನ ಮುಖದಲ್ಲಿ ಉಳಿದ ಕೆಂಪು ಕಲೆಗಳ ಬಗ್ಗೆ "ಅಷ್ಟೇನೂ ಕಾಣಲ್ಲ ಬಿಡು" ಅಂದೆನಲ್ಲ, ಅದು ತಪ್ಪಾಯಿತು. ಆ ಮುಖವನ್ನು ದಿನಾ ಕನ್ನಡಿಯಲ್ಲಿ ನೋಡುವವಳು ನೀನು.

ನನ್ನ ನಿದ್ದೆ ಕೆಡಿಸಿದ್ದು ಬೇರೆ ಮಾತು. ರೂಮಿನ ಹುಡುಗಿ ಒಂದು ಕ್ರೀಮ್ ಕೊಟ್ಟಿದ್ದಾಳೆ, ಅವಳ ಕೆಂಪು ಕಲೆ ಒಂದೇ ವಾರದಲ್ಲಿ ಹೋಯಿತು, ನಾನೂ ಹಚ್ಚುತ್ತೀನಿ ಅಂದೆ. ಒಂದೇ ವಾರ ಅಂದ ಕೂಡಲೇ ನನಗೆ ಆ ಹಳೆಯ ಟ್ಯೂಬು ಕಣ್ಣ ಮುಂದೆ ಬಂತು.

ನಿನಗಾಗ 15 ವರ್ಷ. ಮೊಡವೆ ಒಣಗಿದ್ದವು, ಕೆನ್ನೆಯ ಕೆಂಪು ಮಾತ್ರ ಉಳಿದಿತ್ತು. ಶಾಲೆಯ ಗ್ರೂಪ್ ಫೋಟೋಗೆ ಐದು ದಿನ ಇತ್ತು. ನಾನು ಔಷಧಿ ಅಂಗಡಿಗೆ ಹೋಗಿ, ಡಾಕ್ಟರ ಚೀಟಿ ಇಲ್ಲದೆ, ಅವರು ಕೊಟ್ಟಿದ್ದನ್ನು ತಂದೆ. ನಾಲ್ಕನೇ ದಿನ ಬೆಳಿಗ್ಗೆ ನೀನು ಅಡುಗೆಮನೆಗೆ ಓಡಿ ಬಂದು ಕೆನ್ನೆ ತಿರುಗಿಸಿ ತೋರಿಸಿದೆ. ಎಷ್ಟು ತಿಂಗಳಾಗಿತ್ತು ನೀನು ಹಾಗೆ ನಕ್ಕು! ಆ ನಗು ನೋಡಿಯೇ ನಾನು ಎರಡನೇ ಟ್ಯೂಬು ತಂದಿದ್ದು. ಮೂರನೆಯದನ್ನೂ ತಂದೆ. ಹಚ್ಚದಿದ್ದರೆ ಉರಿ, ಹಚ್ಚಿದರೆ ಸಮಾಧಾನ ಅನ್ನುವ ಹಾಗಾಯಿತು. ಆಗಲೂ ನಾನು ಟ್ಯೂಬಿನ ಹಿಂದೆ ಏನು ಬರೆದಿದೆ ಅಂತ ನೋಡಲಿಲ್ಲ. ನೋಡಿದವಳು ನೀನು. "ಅಪ್ಪಾ, ಇದರಲ್ಲಿ ಮೊಮೆಟಾಸೋನ್ ಅಂತಿದೆ, ಏನದು?" ಅಂದೆ. ನನಗೆ ಗೊತ್ತಿರಲಿಲ್ಲ. ನಾಲ್ಕನೇ ದಿನವೇ ಗೊತ್ತಿದ್ದರೆ ಅನ್ನುವುದು ಇವತ್ತಿಗೂ ತಲೆಯಲ್ಲಿ ಸುತ್ತುತ್ತದೆ.

ಅದು ಸ್ಟಿರಾಯ್ಡ್ ಅಂತ ಚರ್ಮದ ಡಾಕ್ಟರು ಹೇಳಿದರು. ಅವರು ವಿವರಿಸುವಾಗ ನೀನು ತಲೆ ತಗ್ಗಿಸಿ ಕೂತಿದ್ದೆ, ಎಷ್ಟು ಕೇಳಿಸಿಕೊಂಡೆಯೋ ಗೊತ್ತಿಲ್ಲ. ಮೊಡವೆ ಉರಿದಾಗ ಚರ್ಮದಡಿಯ ಸಣ್ಣ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಮೊಡವೆ ಹೋದರೂ ಅವು ಬೇಗ ಕುಗ್ಗುವುದಿಲ್ಲ. ಉಳಿಯುವ ಕೆಂಪು ಅದೇ. ಸ್ಟಿರಾಯ್ಡ್ ಆ ನಾಳಗಳನ್ನು ಬಿಗಿ ಹಿಡಿಯುತ್ತದೆ, ಕೆಂಪು ಮಾಯವಾದ ಹಾಗೆ ಕಾಣುತ್ತದೆ. ನಿಲ್ಲಿಸಿದರೆ ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬರುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ ನಾಳಗಳು ಮೇಲೇ ಕಾಣುತ್ತವೆ, ಹೊಸ ಮೊಡವೆಯೂ ಏಳುತ್ತದೆ. ನಿನಗೆ ಆಗಿದ್ದೂ ಹಾಗೇ. ಆ ತಿಂಗಳುಗಳಲ್ಲಿ ಸಿಪ್ಪೆ ಏಳುತ್ತಿದ್ದ ಮುಖದಲ್ಲೇ ಹೋಗಿ ನೀನು ಪರೀಕ್ಷೆ ಬರೆದು ಬಂದೆ. ಗೇಟಿನ ಹೊರಗೆ ನಿಂತು ನೋಡುತ್ತಿದ್ದೆ. ನನಗೆ ಎಷ್ಟು ಹೆಮ್ಮೆಯಾಗಿತ್ತು ಅಂತ ನಿನಗೆ ಯಾವತ್ತೂ ಹೇಳಲಿಲ್ಲ.

ಆ ಕ್ರೀಮಿನ ಹಿಂದೆ ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಈ ಸ್ಟಿರಾಯ್ಡ್‌ಗಳಲ್ಲಿ ಯಾವ ಹೆಸರು ಕಂಡರೂ ಮುಟ್ಟಬೇಡ. ಹೆಸರೇ ಬರೆದಿಲ್ಲದ ಡಬ್ಬಿಯಾದರೆ ಇನ್ನೂ ಬೇಡ. ಈಗಾಗಲೇ ಹಚ್ಚಲು ಶುರು ಮಾಡಿದ್ದರೆ ನನ್ನಿಂದ ಮುಚ್ಚಿಡಬೇಡ, ಬಯ್ಯುವುದಿಲ್ಲ. ನೇರ ಚರ್ಮದ ಡಾಕ್ಟರ ಹತ್ತಿರ ಹೋಗಿ ಹೇಗೆ ನಿಲ್ಲಿಸಬೇಕು ಅಂತ ಕೇಳು.

ಹಾಗಾದರೆ ಏನು ತಗೊಳ್ಳಲಿ ಅಂತ ಕೇಳುತ್ತೀಯ. ಮೊದಲು ಒಂದು ಗಾಜಿನ ಲೋಟವನ್ನು ಕಲೆಯ ಮೇಲೆ ಮೆಲ್ಲಗೆ ಒತ್ತಿ ನೋಡು. ಒತ್ತಿದಾಗ ಕೆಂಪು ಮಾಯವಾದರೆ ಅದು ರಕ್ತನಾಳದ್ದು. ಕಂದು ಹಾಗೇ ಉಳಿದರೆ ಅದು ಚರ್ಮದ ಬಣ್ಣ ಗಟ್ಟಿಯಾಗಿದ್ದು. ಎರಡೂ ಒಟ್ಟಿಗೆ ಇರಬಹುದು. ಕಂದು ಕಲೆಗೆ ಅಂತ ಮಾರುವ ಎಲ್ಲಾ ಸೀರಮ್ ಕೆಂಪಿಗೂ ಕೆಲಸ ಮಾಡುತ್ತದೆ ಅಂದುಕೊಳ್ಳಬೇಡ. ಕೆಂಪು, ಕಂದು ಎರಡಕ್ಕೂ ನೆರವಾಗುವುದು ಅಜೆಲಾಯಿಕ್ ಆಸಿಡ್ ಇರುವ ಕ್ರೀಮ್. 10% ಇರುವುದರಿಂದ ಶುರು ಮಾಡು, ಸ್ವಲ್ಪ ಚುರುಚುರು ಅನ್ನಬಹುದು, ಮೊದಲು ದಿನ ಬಿಟ್ಟು ದಿನ ಹಚ್ಚು. ಅದು ಆಗದಿದ್ದರೆ ನಿಯಾಸಿನಮೈಡ್ ಇರುವುದು, 4-5% ಸಾಕು. ಜಾಸ್ತಿ ಇದ್ದರೆ ಜಾಸ್ತಿ ಒಳ್ಳೆಯದು ಅನ್ನುವ ಲೆಕ್ಕ ಚರ್ಮದ ಹತ್ತಿರ ನಡೆಯುವುದಿಲ್ಲ. ಎರಡನ್ನೂ ಒಂದೇ ದಿನ ಶುರು ಮಾಡಬೇಡ, ಉರಿದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಕಿವಿಯ ಹಿಂದೆ ಕೆಲವು ದಿನ ಹಚ್ಚಿ ನೋಡಿ ಆಮೇಲೆ ಮುಖಕ್ಕೆ. ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಇರಲಿ. ಸ್ಕ್ರಬ್, ನಿಂಬೆರಸ, ಟೂತ್‌ಪೇಸ್ಟ್ ಹತ್ತಿರಕ್ಕೂ ತರಬೇಡ.

ಒಂದೇ ಒಂದು ವಸ್ತುವಿಗೆ ದುಡ್ಡಿದೆ ಅಂದರೆ ಸನ್‌ಸ್ಕ್ರೀನ್ ತಗೋ. ಬಿಸಿಲು ತಡೆಯುವ ಅಳತೆ, ಎಸ್‌ಪಿಎಫ್, 30 ಅಥವಾ ಮೇಲೆ ಇರಲಿ. ಬಿಸಿಲು ಬಿದ್ದರೆ ಕೆಂಪೂ ತಡವಾಗಿ ಹೋಗುತ್ತದೆ, ಕಂದೂ ಗಾಢವಾಗುತ್ತದೆ. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳಿನ ಉದ್ದಕ್ಕೂ ಹಿಂಡಿದಷ್ಟು ಬೇಕು. ನೀನು ಕಾಳಿನಷ್ಟು ಹಚ್ಚುತ್ತೀಯ, ನೋಡಿದ್ದೇನೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಚುಚ್ಚಿದಂತಾದರೆ ಜಿಂಕ್ ಆಕ್ಸೈಡ್ ಇರುವುದನ್ನು ಹುಡುಕು. ಹೊಸ ಮೊಡವೆ ಏಳುತ್ತಲೇ ಇದ್ದರೆ ಮೊದಲು ಅದಕ್ಕೆ ಔಷಧಿ ಆಗಬೇಕು, ಇಲ್ಲದಿದ್ದರೆ ಒಂದು ಕಲೆ ಹೋಗುವಷ್ಟರಲ್ಲಿ ಇನ್ನೊಂದು.

ನೋಡು, ಪಾಠ ಮಾಡಬಾರದು ಅಂತ ಶುರು ಮಾಡಿದೆ, ಅದೇ ಆಯಿತು. ಬೇಜಾರು ಮಾಡಿಕೊಳ್ಳಬೇಡ.

ಸಮಯ ಹಿಡಿಯುತ್ತದೆ, ಪುಟ್ಟಿ. ಯಾವುದನ್ನೇ ಹಚ್ಚಿದರೂ 8ರಿಂದ 12 ವಾರ ನೋಡಬೇಕು. ಏನೂ ಹಚ್ಚದೆಯೂ ತಿಂಗಳುಗಟ್ಟಲೆಯಲ್ಲಿ ತಾನೇ ತಿಳಿಯಾಗುವುದು ಉಂಟು, ಕೆಲವರಿಗೆ ವರ್ಷ ದಾಟುತ್ತದೆ. ಆಗಲೂ ಹೋಗದಿದ್ದರೆ ರಕ್ತನಾಳಕ್ಕೇ ಗುರಿಯಿಡುವ ಲೇಸರ್ ಇದೆ, ಡಾಕ್ಟರನ್ನು ಕೇಳೋಣ. ದುಡ್ಡಿನ ಯೋಚನೆ ಮಾಡಬೇಡ. ಅಷ್ಟು ದಿನ ಕಾಯುವುದು ನಿನಗೆ ಎಷ್ಟು ಕಷ್ಟ ಅಂತ ನನಗೆ ಪೂರ್ತಿ ಅರ್ಥವಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಆ ನಾಲ್ಕನೇ ದಿನದ ನಗು ಇನ್ನೊಂದು ಸಲ ನಿನಗೆ ಮೋಸ ಮಾಡಬಾರದು.

ಭಾನುವಾರ ಫೋನ್ ಮಾಡುತ್ತೇನೆ. ಕ್ಯಾಮೆರಾ ಆನ್ ಮಾಡಲೇಬೇಕು ಅಂತಿಲ್ಲ, ಮಾತಾಡಿದರೆ ಸಾಕು. ಅಷ್ಟರೊಳಗೆ ಆ ಟ್ಯೂಬಿನ ಹಿಂಭಾಗದ ಫೋಟೋ ತೆಗೆದು ಕಳಿಸು. ಸಣ್ಣ ಅಕ್ಷರ ಓದಲು ಬರುವ ಹಾಗಿರಲಿ. ಈ ಸಲ ನಾನೂ ಓದುತ್ತೇನೆ.

ನಿನ್ನ
ಅಪ್ಪ