ಅಪ್ಪನನ್ನು ಮೊದಲು ಆಸ್ಪತ್ರೆಗೆ ಕಳಿಸು ಅಮ್ಮ

ಅಮ್ಮನಿಗೆ ನಮಸ್ಕಾರ. ನಾನು ಆರಾಮಾಗಿದ್ದೇನೆ, ನಿನ್ನ ಕಾಗದ ಸಿಕ್ಕಿತು. ಶಾಂತತ್ತೆ ತೋರಿಸಿದ ವಿಡಿಯೋ ಲಾಸ್ ಏಂಜಲಿಸ್‌ದೇ, ಫುಟ್‌ಪಾತ್ ತುಂಬ ಟೆಂಟ್ ಇರುವುದೂ ನಿಜ. ಆದರೆ ನಾನಿರುವ ಬೀದಿ ಅದಲ್ಲ, ಸುಮ್ನೆ ಹೆದರಬೇಡ.

ಅದು ಬಿಡು. ಮೆಟ್ಟಿಲು ಹತ್ತಿದರೆ ಅಪ್ಪನಿಗೆ ಎದೆ ಹಿಡಿಯುತ್ತದೆ ಅಂತ ಬರೆದು, ಮುಂದಿನ ಸಾಲಲ್ಲೇ ಮೆಣಸಿನ ರೇಟು ಬರೆದಿದ್ದೀಯಲ್ಲ! ಮಾಜಿ ಸೈನಿಕರ ಆಸ್ಪತ್ರೆ ಖರ್ಚಿಗೆ ಇರುವ ಇಸಿಎಚ್‌ಎಸ್ ಕಾರ್ಡ್ ಹೊಸದು ಮಾಡಿಸುವುದಕ್ಕೆ ಕ್ಯೂ ನಿಲ್ಲಲ್ಲ, ಅಮೇರಿಕದಲ್ಲಾದರೆ ಸೈನಿಕರನ್ನು ರಾಜರ ಹಾಗೆ ನೋಡಿಕೊಳ್ಳುತ್ತಾರೆ ಅಂತ ಅಪ್ಪ ಅಂತಾರಂತೆ. ಇದನ್ನು ಅವರಿಗೆ ಓದಿ ಹೇಳು.

ಮರ್ಯಾದೆ ಇದೆ, ಇಲ್ಲ ಅನ್ನಲ್ಲ. ಮಾಜಿ ಸೈನಿಕ ಅಂತ ಗೊತ್ತಾದರೆ ಅಂಗಡಿಯವನೂ 'ನಿಮ್ಮ ಸೇವೆಗೆ ಥ್ಯಾಂಕ್ಸ್' ಅಂತಾನೆ, ನವೆಂಬರ್ 11ಕ್ಕೆ, ಅಂದರೆ ಇಲ್ಲಿನ ಮಾಜಿ ಸೈನಿಕರ ದಿನ, ಎಷ್ಟೋ ಹೋಟೆಲಲ್ಲಿ ಅವರಿಗೆ ಊಟ ಫ್ರೀ. ಆದರೆ ಇಲ್ಲಿ 1888ರಲ್ಲಿ ಸೈನಿಕರ ವಸತಿಗೆ ಅಂತಲೇ ದಾನ ಬಂದ ದೊಡ್ಡ ಜಾಗ ಇದೆ, ಅದರ ಬೇಲಿ ಹೊರಗೇ ಮಾಜಿ ಸೈನಿಕರು ಟೆಂಟ್ ಹಾಕಿ, ಮೇಲೆ ದೇಶದ ಬಾವುಟ ಕಟ್ಟಿಕೊಂಡು ಮಲಗುತ್ತಿದ್ದರು. 2021ರಲ್ಲಿ ಆ ಸಾಲು ತೆಗೆಸಿದರು. ದೇಶದಲ್ಲಿರುವ ಮಾಜಿ ಸೈನಿಕರಲ್ಲಿ ಕಪ್ಪು ಜನ ನೂರಕ್ಕೆ ಸುಮಾರು 12, ಮನೆ ಇಲ್ಲದ ಮಾಜಿ ಸೈನಿಕರನ್ನು ಎಣಿಸಿದರೆ ಮಾತ್ರ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು!

ನಮ್ಮ ಆಫೀಸಿನ ಹತ್ತಿರ ಒಬ್ಬ ಅಜ್ಜ ಸಿಗುತ್ತಾರೆ, ಕಪ್ಪು ಜನ, ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದವರು. ಬಾಡಿಗೆ ಏರಿದಾಗ ಹೋಗಿ ಇರಲು ಅಪ್ಪನ ಕಾಲದ ಮನೆ ಅಂತ ಒಂದೂ ಇರಲಿಲ್ಲ ಅಂದರು. ಅವರಪ್ಪನೂ ಎರಡನೇ ಮಹಾಯುದ್ಧದ ಸೈನಿಕ! 1944ರಲ್ಲಿ ಸರ್ಕಾರ ಸೈನಿಕರ ಮನೆ ಸಾಲಕ್ಕೆ ಗ್ಯಾರಂಟಿ ನಿಂತಿತು, ಸಾಲ ಕೊಡಬೇಕಾದ್ದು ಮಾತ್ರ ಬ್ಯಾಂಕು. ಬ್ಯಾಂಕಿನವರು ಕಪ್ಪು ಜನಕ್ಕೆ ಹೆಚ್ಚಾಗಿ ಕೊಡಲೇ ಇಲ್ಲ. 1947ರಲ್ಲಿ ಮಿಸಿಸಿಪ್ಪಿಯ 13 ಊರುಗಳಲ್ಲಿ ಲೆಕ್ಕ ಹಾಕಿದರೆ ಮನೆ, ವ್ಯಾಪಾರ, ಹೊಲ ಎಲ್ಲ ಸೇರಿ ಇಂಥ ಗ್ಯಾರಂಟಿಯ 3,229 ಸಾಲದಲ್ಲಿ ಅವರಿಗೆ ಸಿಕ್ಕಿದ್ದು 2. ಬಿಳಿ ಸೈನಿಕರ ಮಕ್ಕಳಿಗೆ ಮನೆ ಉಳಿಯಿತು, ಇವರ ಮಕ್ಕಳಿಗೆ ಬಾಡಿಗೆ ಚೀಟಿ.

ಅಪ್ಪ ಗಮನ ಕೊಟ್ಟು ಕೇಳಬೇಕಾದ್ದು ಇದು. ಎರಡನೇ ಮಹಾಯುದ್ಧದಲ್ಲಿ ಬೇಡ ಅನ್ನಿಸಿದ ಸೈನಿಕರನ್ನು ನೀಲಿ ಕಾಗದ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಕೆಟ್ಟ ನಡತೆ ಅಂತಲೂ ಇಲ್ಲ, ಗೌರವದ ಬಿಡುಗಡೆ ಅಂತಲೂ ಇಲ್ಲ, ಆದರೆ ಅದಿದ್ದರೆ ಸಾಲ ಸವಲತ್ತು ಸಿಗುತ್ತಿರಲಿಲ್ಲ. ಸೇನೆಯಲ್ಲಿ ಕಪ್ಪು ಜನ ನೂರಕ್ಕೆ 7 ಕೂಡ ಇರಲಿಲ್ಲ, ನೀಲಿ ಕಾಗದ ಸಿಕ್ಕವರಲ್ಲಿ ನೂರಕ್ಕೆ 22. ಅಪ್ಪನ ಡಿಸ್ಚಾರ್ಜ್ ಬುಕ್ಕು ಟ್ರಂಕಿನಲ್ಲಿ ಭದ್ರವಾಗಿದೆ, ಪೆನ್ಷನ್ ತಿಂಗಳು ತಿಂಗಳು ಬರುತ್ತದೆ. ಅದಿಟ್ಟುಕೊಂಡು ಆಸ್ಪತ್ರೆಗೆ ಹೋಗಲ್ಲ ಅನ್ನುವುದು ಯಾವ ನ್ಯಾಯ?

ಇಲ್ಲೂ ಏನೂ ಮಾಡಿಲ್ಲ ಅಂತಲ್ಲ. ಬಾಡಿಗೆಗೆ ಸರ್ಕಾರ ವೋಚರ್ ಕೊಡುತ್ತದೆ. ಮನೆ ಇಲ್ಲದ ಮಾಜಿ ಸೈನಿಕರು 2010ರಲ್ಲಿ 74,000 ಹತ್ತಿರ ಇದ್ದವರು, 2024ರ ಜನವರಿ ಎಣಿಕೆಗೆ 32,882. ಅಜ್ಜನೂ ಅರ್ಜಿ ಹಾಕಿದ್ದಾರೆ. ನಾನು ಸಂಜೆ ಹೊತ್ತು ಒಬ್ಬನೇ ಆ ಕಡೆ ಹೋಗುವುದಿಲ್ಲ, ಹೋದರೂ ಅವರೆಲ್ಲ ಒಳ್ಳೆಯವರು, ಕಳ್ಳತನ ಗಿಳ್ಳತನ ಏನಿಲ್ಲ, ನೀನು ನಿದ್ದೆ ಕೆಡಿಸಿಕೊಳ್ಳಬೇಡ.

ಸೋಮವಾರವೇ ಮಂಜಣ್ಣನ ಜೀಪಿನಲ್ಲಿ ಅಪ್ಪನನ್ನು ಹಾಸನಕ್ಕೆ ಕಳಿಸು. ಇಸಿಜಿ ಮೊದಲು, ಕಾರ್ಡ್ ಆಮೇಲೆ ಆದರೂ ಸರಿ, ದುಡ್ಡು ನಾನು ಹಾಕಿದ್ದೇನೆ. ಬಸ್ಸಿನಲ್ಲಿ ಬೇಡ. ಬಸ್ ಅಂದರೆ ನನ್ನದೇ ಬಂತು, ಮಿಕ್ಕಿದ್ದು ಫೋನಿನಲ್ಲಿ.

ನಿನ್ನ ಮಗ,
ರವಿ