ರಾತ್ರಿ ಬರುವ ಅಲಾರಂ ಕರೆಗೆ ಯಾರು ಹೊಣೆ?

ಮಾನ್ಯ ಸಂಪಾದಕರೇ,

ಮುಂಬಯಿ, ಥಾಣೆ, ನವಿ ಮುಂಬಯಿಯ ನಮ್ಮವರ ಹೋಟೆಲುಗಳಲ್ಲಿ ಈಗ ಕೋಲ್ಡ್ ರೂಮ್, ಅಂದರೆ ಸರಕು ಕೆಡದಂತೆ ಇಡುವ ಶೀತಲ ಕೋಣೆ, ಸಾಮಾನ್ಯವಾಗಿದೆ. ಕೆಲವರು ಅದಕ್ಕೊಂದು ಆಟೋ ಡಯಲರ್ ಕೂಡ ಹಾಕಿಸಿದ್ದಾರೆ. ಒಳಗೆ ಬಿಸಿ ಏರಿದರೆ, ಕರೆಂಟ್ ಹೋದರೆ, ಆ ಪೆಟ್ಟಿಗೆ ತನ್ನೊಳಗಿನ ಸಿಮ್‌ನಿಂದ ತಾನೇ ಫೋನ್ ಮಾಡುತ್ತದೆ. ಒಬ್ಬರು ಎತ್ತದಿದ್ದರೆ ಪಟ್ಟಿಯಲ್ಲಿರುವ ಮುಂದಿನ ನಂಬರಿಗೆ ಹೋಗುತ್ತದೆ. ಕೋಲ್ಡ್ ರೂಮ್, ಡೀಪ್ ಫ್ರೀಜರ್ ರಿಪೇರಿಯೇ ನನ್ನ ಹೊಟ್ಟೆಪಾಡು. ಹೋದಲ್ಲೆಲ್ಲ ನೋಡುತ್ತಿದ್ದೇನೆ: ಪೆಟ್ಟಿಗೆ ಗೋಡೆಯ ಮೇಲಿರುತ್ತದೆ, ಅದರ ಕರೆ ಮಾತ್ರ ಯಾರಿಗೂ ತಲುಪುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಉಪನಗರದ ಒಂದು ಹೋಟೆಲಿಗೆ ಬೆಳಿಗ್ಗೆಯೇ ಕರೆಸಿದರು. ಕಂಪ್ರೆಸರ್ ಟ್ರಿಪ್ ಆಗಿತ್ತು. ಇಡ್ಲಿ ಹಿಟ್ಟು ಹುಳಿದು ಡಬ್ಬದಿಂದ ಉಕ್ಕಿ ನೆಲಕ್ಕಿಳಿದಿತ್ತು, ಹಾಲಿನ ಪ್ಯಾಕೆಟ್‌ಗಳು ಉಬ್ಬಿದ್ದವು, ಪನೀರ್ ಮುಟ್ಟಿದರೆ ಲೋಳೆ. ಡಯಲರಿನ ಮೆಮರಿ ತೆಗೆದು ನೋಡಿದರೆ ಅದು ರಾತ್ರಿಯಿಡೀ ಫೋನ್ ಮಾಡಿದೆ. ಮೊದಲನೇ ನಂಬರ್ ಕೆಲಸ ಬಿಟ್ಟು ಊರು ಸೇರಿದ ಮ್ಯಾನೇಜರರದು. ಎರಡನೆಯದು ಮಾಲೀಕರದು, ಸೈಲೆಂಟಿನಲ್ಲಿತ್ತು. ಮೂರನೆಯದು ರಾತ್ರಿ ಬೀಗ ಹಾಕುವ ಆಫೀಸಿನ ಲ್ಯಾಂಡ್‌ಲೈನ್. ಬೈಗುಳ ತಿಂದದ್ದು ಮಾತ್ರ ಹೋಟೆಲಿನಲ್ಲೇ ಮಲಗುವ ಅಡುಗೆಮನೆಯ ಹುಡುಗ. ಅವನ ನಂಬರ್ ಪಟ್ಟಿಯಲ್ಲಿ ಇರಲೇ ಇಲ್ಲ. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

‘ಅದು ದಿನಾ ಸುಮ್ಮಸುಮ್ಮನೆ ಬಡ್ಕೊಳ್ತದೆ ಮಾರಾಯ್ರೆ, ಎಷ್ಟೂಂತ ಎತ್ತುದು?’ ಎಂದರು ಮಾಲೀಕರು. ಆ ಮಾತಿನಲ್ಲಿ ಸುಳ್ಳಿಲ್ಲ. ಫ್ರೀಜರ್ ಕೋಣೆ ಮೈನಸ್ 18 ಡಿಗ್ರಿಯಲ್ಲಿರಬೇಕು. ಕೋಣೆಯನ್ನು ತಂಪು ಮಾಡುವ ಕೊಳವೆಗಳ ಸುರುಳಿ, ಅಂದರೆ ಕಾಯಿಲ್ ಮೇಲೆ ಕಟ್ಟಿದ ಮಂಜು ಕರಗಿಸಲು ದಿನಕ್ಕೆ ಕೆಲವು ಸಲ ಹೀಟರ್ ತಾನಾಗಿ ಆನ್ ಆಗುತ್ತದೆ, ಅದೇ ಡಿಫ್ರಾಸ್ಟ್. ಆ ಇಪ್ಪತ್ತು ಮೂವತ್ತು ನಿಮಿಷ ಕಾಯಿಲ್ ಸುತ್ತಲಿನ ಗಾಳಿ ಬೆಚ್ಚಗಾಗುತ್ತದೆ, ಒಳಗಿಟ್ಟ ಸರಕಿಗೆ ಏನೂ ಆಗಿರುವುದಿಲ್ಲ. ಪೆಟ್ಟಿಗೆ ಕೂರಿಸಿದವರು ಸೆನ್ಸರನ್ನು ಕಾಯಿಲ್ ಪಕ್ಕದಲ್ಲೋ ಬಾಗಿಲ ಮೇಲೋ ನೇತುಹಾಕಿ, ಬಿಸಿ ಏರಿದ ಮೇಲೆ ಕರೆ ಮಾಡುವ ಮುನ್ನ ಕಾಯುವ ಸಮಯವನ್ನು, ಅಂದರೆ ಡಿಲೇಯನ್ನು, ಸೊನ್ನೆಯಲ್ಲೇ ಬಿಟ್ಟು ಹೋದರೆ ಪ್ರತಿ ಡಿಫ್ರಾಸ್ಟಿಗೂ, ಪ್ರತಿ ಸಲ ಮಾಲು ಇಳಿಸುವಾಗಲೂ ಕರೆ ಬರುತ್ತದೆ. ಒಂದು ವಾರ ಹೀಗಾದರೆ ಯಾರೂ ಎತ್ತುವುದಿಲ್ಲ.

ಇದಕ್ಕೆ ಕೆಲವರು ಮಾಡುವ ಉಪಾಯ ಅಪಾಯಕಾರಿ. ಅಲಾರಂನ ಮಿತಿಯನ್ನೇ ಮೈನಸ್ಸಿನಿಂದ ಸೊನ್ನೆಗೆ ಏರಿಸಿಬಿಡುತ್ತಾರೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೀನು ಮೆತ್ತಗಾಗಿರುತ್ತದೆ. ಮಿತಿಯನ್ನು ಮುಟ್ಟಬೇಡಿ, ಡಿಲೇಯನ್ನು ಡಿಫ್ರಾಸ್ಟ್ ಅವಧಿಗಿಂತ ತುಸು ಹೆಚ್ಚು ಇಡಿ. ಜನರೇಟರ್ ಇದ್ದರೆ ಕರೆಂಟ್ ಹೋದ ಅಲಾರಂಗೂ ನಾಲ್ಕೈದು ನಿಮಿಷ ಕೊಡಿ. ಸೆನ್ಸರಿನ ತುದಿಯನ್ನು ಗ್ಲೈಕಾಲ್ ಎಂಬ, ಸುಲಭವಾಗಿ ಹೆಪ್ಪುಗಟ್ಟದ ದ್ರವ ತುಂಬಿದ ಸಣ್ಣ ಬಾಟಲಿಯಲ್ಲಿ ಮುಳುಗಿಸಿಟ್ಟರೆ ಬಾಗಿಲು ತೆಗೆದಾಗಿನ ಗಾಳಿಗೆ ಅದು ಬೆದರುವುದಿಲ್ಲ. ಲಸಿಕೆಗಳನ್ನು 2ರಿಂದ 8 ಡಿಗ್ರಿಯಲ್ಲಿಡುವ ಫ್ರಿಜ್‌ಗಳಲ್ಲೂ ಹೀಗೆ ಮಾಡುತ್ತಾರೆ.

ಫೋನ್ ಎತ್ತಿದ ಮಾತ್ರಕ್ಕೆ ಪೆಟ್ಟಿಗೆ ಸುಮ್ಮನಾಗಲೂಬಾರದು. ನಿದ್ದೆಗಣ್ಣಲ್ಲಿ ಎತ್ತಿ ಕಟ್ ಮಾಡುವವರಿದ್ದಾರೆ. ಕೆಲವು ಪೆಟ್ಟಿಗೆಗಳು ವಾಯ್ಸ್‌ಮೇಲ್ ತೆಗೆದುಕೊಂಡರೂ ಮನುಷ್ಯನೇ ಎತ್ತಿದನೆಂದು ತಿಳಿದು ಉಳಿದವರಿಗೆ ಕರೆ ಮಾಡುವುದನ್ನೇ ನಿಲ್ಲಿಸುತ್ತವೆ. ಕೀಪ್ಯಾಡಿನಲ್ಲಿ ಕೋಡ್ ಒತ್ತಿದರೆ ಮಾತ್ರ ಕರೆ ನಿಲ್ಲುವ ಸೆಟಿಂಗ್ ಅನೇಕ ಪೆಟ್ಟಿಗೆಗಳಲ್ಲಿದೆ, ಹಾಕಿಕೊಟ್ಟವರು ಆನ್ ಮಾಡಿರುವುದಿಲ್ಲ. ಕೋಡ್ ಒತ್ತಿದ ಮೇಲೂ ಒಳಗಿನ ಬಿಸಿ ಇಳಿಯದಿದ್ದರೆ ಸ್ವಲ್ಪ ಹೊತ್ತಿಗೆ ಮತ್ತೆ ಕರೆ ಬರುವಂತಿರಬೇಕು.

ಇನ್ನು ಸಿಮ್. ಯಾವುದೋ ಕಾಲದ ಮ್ಯಾನೇಜರರ ಹೆಸರಿನಲ್ಲಿ ತೆಗೆದದ್ದು. ರೀಚಾರ್ಜ್ ಮುಗಿದು ಹೊರಹೋಗುವ ಕರೆ ಬಂದ್ ಆಗಿದ್ದರೂ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಬ್ಯಾಟರಿಯ ಕಥೆಯೂ ಅಷ್ಟೆ. 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಲೋಕಲ್ ರೈಲುಗಳೂ ನಿಂತದ್ದು ಓದುಗರಿಗೆ ನೆನಪಿರಬಹುದು. ಅಂಥ ಹೊತ್ತಿನಲ್ಲಿ ಬ್ಯಾಟರಿ ಸತ್ತ ಡಯಲರ್ ಕೋಲ್ಡ್ ರೂಮಿನ ಜೊತೆಗೇ ಮಲಗುತ್ತದೆ. ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಮನೆಯ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು. ಫೈಬರ್ ಬಾಕ್ಸಿಗೆ ನಮ್ಮದೇ ಕರೆಂಟ್ ಬೇಕು. ಲೈನ್ ಬದಲಾಯಿಸಿದವರು ಬಾಕ್ಸಿಗೂ ಬ್ಯಾಟರಿ ಬ್ಯಾಕಪ್ ಕೊಡಬೇಕು.

ಸಾಲದ, ಜಾಹೀರಾತಿನ ಕರೆಗಳಿಂದ ರೋಸಿಹೋದ ಜನ ಗೊತ್ತಿಲ್ಲದ ನಂಬರ್ ಎತ್ತುವುದಿಲ್ಲ, ಅದು ಸಹಜ. ಡಯಲರಿನ ನಂಬರನ್ನು ‘ಕೋಲ್ಡ್ ರೂಮ್’ ಎಂದು ಸೇವ್ ಮಾಡಿ, ಡು ನಾಟ್ ಡಿಸ್ಟರ್ಬ್ ಹಾಕಿದ್ದರೂ ಆ ಒಂದು ನಂಬರ್ ರಿಂಗ್ ಆಗುವಂತೆ ಬಿಡಬಹುದು. ಈಗಿನ ಎಲ್ಲ ಸ್ಮಾರ್ಟ್‌ಫೋನಿನಲ್ಲೂ ಈ ಸೌಲಭ್ಯವಿದೆ.

ಆದರೆ ಪಟ್ಟಿಯ ಮೊದಲ ಹೆಸರು ಯಾರದು? ನನ್ನ ಮಟ್ಟಿಗೆ ಇಡೀ ಸಮಸ್ಯೆ ಇರುವುದೇ ಇಲ್ಲಿ. ಕೋಲ್ಡ್ ರೂಮಿಗೆ ಹತ್ತಿರ ಮಲಗುವವನ ಹೆಸರು ಮೊದಲಿರಬೇಕು. ಪ್ಯಾನೆಲಿನ ಬೀಗದ ಕೈ ಅವನ ಬಳಿ ಇರಬೇಕು, ಮೆಕ್ಯಾನಿಕ್‌ನನ್ನು ಮಧ್ಯರಾತ್ರಿ ಕರೆಸಲು ಯಾರನ್ನೂ ಕೇಳಬೇಕಾಗಿರಬಾರದು. ದಿನವಿಡೀ ದುಡಿದವನಿಗೆ ಈ ಪಾಳಿಯನ್ನು ಪುಕ್ಕಟೆಯಾಗಿ ಹೊರಿಸುವುದು ಅನ್ಯಾಯ. ಅದಕ್ಕೆ ಬೇರೆ ಭತ್ಯೆ ಕೊಡಬೇಕು, ವಾರಕ್ಕೊಬ್ಬರಂತೆ ಸರದಿ ಬದಲಾಗಬೇಕು, ಮಾಲೀಕರ ನಂಬರೂ ಪಟ್ಟಿಯಲ್ಲಿ ಎಚ್ಚರವಾಗಿರಬೇಕು.

ನಮ್ಮ ಹೋಟೆಲ್ ಮಾಲೀಕರ ಸಂಘಗಳು ಸದಸ್ಯರಿಗೆ ಇಷ್ಟನ್ನಾದರೂ ಹೇಳಲಿ. ತಿಂಗಳಿಗೊಮ್ಮೆ ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಸೆನ್ಸರನ್ನು ಹೊರಗಿಟ್ಟು, ಯಾರ ಫೋನ್ ರಿಂಗ್ ಆಯಿತು, ಕೋಡ್ ಒತ್ತಿದವರು ಯಾರು ಎಂದು ಪುಸ್ತಕದಲ್ಲಿ ಬರೆದಿಡಲಿ. ಯಾರಾದರೂ ಕೆಲಸ ಬಿಟ್ಟರೆ, ಅವರ ಲೆಕ್ಕ ಚುಕ್ತಾ ಮಾಡುವ ದಿನವೇ ಪೆಟ್ಟಿಗೆಯಿಂದ ಅವರ ನಂಬರನ್ನೂ ತೆಗೆಯಲಿ.

– ಒಬ್ಬ ರೆಫ್ರಿಜರೇಶನ್ ಮೆಕ್ಯಾನಿಕ್, ನೆರೂಲ್, ನವಿ ಮುಂಬಯಿ